ಐನಾಪುರದ ಏಳು ಸೀತಾಳೆ ಗಿಡಗಳು

"ಅಕ್ಕೋರ, ನಾ ಕದ್ದಿಲ್ರಿ. ನಾಳಿ ನನ್ನ ಮ್ಯಾಲ ಕೇಸ್ ಹಾಕ್ತಾರಂತ!"

ಮಾಸುಮಬಿ ಹೊಸ್ತಿಲಲ್ಲೇ ಕುಸಿದು ಕೂತಾಗ ಚಿತ್ರಕಲೆಯ ಮಾಸ್ತರ ಮಡಿವಾಳಯ್ಯ ಚಹಾದ ಕಪ್ಪನ್ನು ಕೆಳಗಿಟ್ಟರು. ಅದು ಸೇಡಂನ ನೀಲಾಬಾಯಿಯ ಮನೆ. ಮೂವತ್ತು ವರ್ಷ ಜಮೀನು ಅಳೆದು ನಿವೃತ್ತಳಾದ ಆಕೆಯ ಬಳಿಗೆ ಊರಿನವರು ಪೊಲೀಸರಿಗಿಂತ ಮೊದಲು ಬರುತ್ತಿದ್ದರು. ಪಕ್ಕದ ಮನೆಯ ಮಡಿವಾಳಯ್ಯನವರ ಸ್ಕೂಟರ್ ಆಗೆಲ್ಲ ಆಕೆಯದೇ.

ಮಾಸುಮಬಿ ಚಿಂಚೋಳಿ ಸಂತೆಯಲ್ಲಿ ಬೇರು ಮಾರುವವಳು. ಐನಾಪುರದ ಹಳೆಯ ಮಾವಿನ ಮರಗಳ ಕೊಂಬೆಗೆ ಬೇರೂರಿದ್ದ ಏಳು ಸೀತಾಳೆ ಗಿಡಗಳು ಮೊನ್ನೆ ಕಾಣೆಯಾಗಿದ್ದವು. ಹಿಂದೆ ಮರಮರದಲ್ಲೂ ಇದ್ದ ಆ ಕಾಡು ಆರ್ಕಿಡ್ ಸುತ್ತಲಿನ ಸೀಮೆಯಲ್ಲಿ ಉಳಿದದ್ದೇ ಅಷ್ಟು. ಅದರ ಬೇರು ಕೀಲುನೋವಿಗೆ ಮದ್ದು. ಹಾಗಾಗಿ ಎಲ್ಲರ ಬೆರಳೂ ಅವಳ ಕಡೆಗೇ ತಿರುಗಿತ್ತು.

"ಮೊದಲ ಮಾರ್ತಿದ್ದೆ, ಸುಳ್ಳ ಯಾಕ ಹೇಳ್ಲಿ? ಗಿಡ ಕಮ್ಮಿ ಆದವು ಅಂತ ಬಿಟ್ಟು ನಾಕು ವರ್ಷಾತು."

"ಬೇರು ಹ್ಯಾಂಗ ತೆಗೀತಿದ್ದಿ?" ನೀಲಾಬಾಯಿ ಕೇಳಿದಳು.

"ಕುಡಗೋಲಿಲೆ ಕೆರೀತಿದ್ದೆ. ಎಲಿ ಅಲ್ಲೇ ಒಗೀತಿದ್ದೆ."

ಇಬ್ಬರೂ ಐನಾಪುರಕ್ಕೆ ಹೋದಾಗ ಅರಣ್ಯ ರಕ್ಷಕ ದೇವಿಂದ್ರಪ್ಪ ಮರಗಳನ್ನು ತೋರಿಸಿದ. ಕೆಳಗೆ ಒಂದೇ ಒಂದು ಎಲೆ ಬಿದ್ದಿರಲಿಲ್ಲ. ಗಿಡಗಳಿದ್ದ ಜಾಗದಲ್ಲಿ ಮಾವಿನ ತೊಗಟೆಯೇ ಅಂಗೈಯಗಲ ಎದ್ದು ಹೋಗಿತ್ತು. ಅಂಚುಗಳಲ್ಲಿ ಉಳಿಯ ಗುರುತು.

"ಮಾಸ್ತರ್ರ, ಈ ಗಾಯಗಳ ನಕ್ಷಾ ತೆಗೀರಿ."

ಮಡಿವಾಳಯ್ಯ ಏಣಿ ಹತ್ತಿ, ಕಾಗದ ಒತ್ತಿ, ಪೆನ್ಸಿಲ್‌ನಿಂದ ಏಳೂ ಗಾಯಗಳ ಅಂಚು ಎಳೆದುಕೊಂಡರು. ಇರುವೆ ಕಚ್ಚಿದವು, ಬೆವರು ಕಣ್ಣಿಗಿಳಿಯಿತು. ಇದರಿಂದ ಏನು ತಿಳಿಯುತ್ತದೆಂದು ಕೇಳಿದ ಎರಡು ಸಲವೂ ನೀಲಾಬಾಯಿ ಮುಂದಿನ ಮರದತ್ತ ಕೈ ತೋರಿಸಿದಳು. ಹೊತ್ತು ಇಳಿಯುತ್ತಿತ್ತು, ಅವರ ಚಡಪಡಿಕೆ ಏರುತ್ತಿತ್ತು.

ಅಲ್ಲಿಂದ ಚಿಂಚೋಳಿಯ ಸಸಿ ಕೇಂದ್ರಕ್ಕೆ. ಅದೇ ಆರ್ಕಿಡ್ ಅನ್ನು ಬೀಜದಿಂದ ಬೆಳೆಸಿ ಮತ್ತೆ ಕಾಡಿಗೆ ಸೇರಿಸಲು ಹೊರಟಿದ್ದ ಉಪನ್ಯಾಸಕ ಸಂತೋಷಕುಮಾರ, ಹೊಂಗೆ ಮರಗಳಿಗೆ ಗೋಣಿಪಟ್ಟಿಯಿಂದ ಕಟ್ಟಿದ್ದ ಹನ್ನೊಂದು ಗಿಡ ತೋರಿಸಿದ. ಅವುಗಳಲ್ಲಿ ನಾಲ್ಕು ಮಾತ್ರ ಬೆರಳುದ್ದ ಇದ್ದವು, ಉಳಿದ ಏಳೂ ಮೊಳದುದ್ದ.

"ಎಲ್ಲಾ ಲ್ಯಾಬಿನ ಬಾಟಲಿಯೊಳಗ ಬೀಜ ಮೊಳಸಿದ್ದು. ಹೊರಗ ಬಂದು ಎರಡ ವರ್ಷ ಆತು. ಹೂ ಬಿಡ್ಲಿಕ್ಕ ಇನ್ನೂ ಮೂರ ವರ್ಷ ಬೇಕ್ರಿ. ಈ ಕೆಲಸಕ್ಕ ರೊಕ್ಕ ಕೊಟ್ಟೋರು ನಾಳಿ ದಿಲ್ಲಿಯಿಂದ ನೋಡ್ಲಿಕ್ಕ ಬರ್ಲಿಕತ್ತಾರ," ಎಂದ. ಅವನ ಕಣ್ಣು ಗೇಟಿನ ಮೇಲೇ ಇತ್ತು. ದೊಡ್ಡ ಗಿಡವೊಂದರಲ್ಲಿ ಒಣಗಿದ ಹೂದಂಟು, ಅದರ ತುದಿಗೆ ಸೀಳಿದ ಕಾಯಿ ಮಡಿವಾಳಯ್ಯನವರಿಗೆ ಕಂಡಿತು. ಆದರೆ ಅದರಲ್ಲೇನೂ ವಿಶೇಷ ಕಾಣಲಿಲ್ಲ.

ನೀಲಾಬಾಯಿ ಅಂದು ಸಂಜೆಯೇ ಮಾಸುಮಬಿ, ದೇವಿಂದ್ರಪ್ಪ ಎಲ್ಲರನ್ನೂ ಆ ಹೊಂಗೆಯ ನೆರಳಿಗೆ ಕರೆಸಿದಳು.

"ಬೇರು ಮಾರೋರಿಗೆ ಎಲಿ, ತೊಗಟಿ ಯಾಕ ಬೇಕು? ಅಲ್ಲಿ ಒಂದ ಎಲಿನೂ ಬಿದ್ದಿಲ್ಲ. ಒಯ್ದಾಂವಗ ಗಿಡ ಜೀವಂತ ಬೇಕಾಗಿತ್ತು," ಎಂದಳು. "ಇಲ್ಲಿ ಸಾಹೇಬ್ರು ಹೂ ಬಿಡ್ಲಿಕ್ಕ ಇನ್ನೂ ಮೂರ ವರ್ಷ ಅಂದ್ರು. ಈ ಗಿಡ ಆಗ್ಲೇ ಹೂ ಬಿಟ್ಟು, ಕಾಯಿ ಆಗಿ, ಒಡದದ. ಒಂದೇ ವಯಸ್ಸಿನ ಸಸಿಯೊಳಗ ನಾಕು ಮಾತ್ರ ಬೆರಳುದ್ದ, ಉಳದ ಏಳೂ ಮೊಳದುದ್ದ ಹ್ಯಾಂಗ ಆದವು?"

ಆಕೆ ಗೋಣಿಪಟ್ಟಿ ಬಿಚ್ಚಿದಳು. ಹೊಂಗೆಯ ನುಣುಪು ಮೈಗೂ ಬೇರಿಗೂ ನಡುವೆ ಒರಟಾದ ಕರಿ ತೊಗಟೆಯ ತುಂಡಿತ್ತು.

"ಬಾಟಲಿಯೊಳಗ ಮಾವಿನ ತೊಗಟಿ ಎಲ್ಲಿಂದ ಬಂತು? ಮಾಸ್ತರ್ರ, ಮೂರನೇ ಕಾಗದ ಕೊಡ್ರಿ."

ಮಡಿವಾಳಯ್ಯ ಕಾಗದವನ್ನು ತೊಗಟೆಯ ಮೇಲಿಟ್ಟರು. ಅಂಚಿಗೆ ಅಂಚು ಕೂಡಿತು.

ಸಂತೋಷಕುಮಾರ ಮುಖ ಮುಚ್ಚಿಕೊಂಡ. "ಸಾವಿರ ಬಾಟಲಿಗೆ ಬೂಸ್ಟು ಹತ್ತಿತ್ರಿ. ನಾಕೇ ಉಳದವು. ಆರ ವರ್ಷದ ಕೆಲಸ... ಬಂದೋರಿಗೆ ಏನ ತೋರಸ್ಲಿ? ಅವರು ಹೋದ ಮ್ಯಾಲ ತಿರುಗಿ ಕಟ್ಟಬೇಕಂತಿದ್ದೆ."

"ಮೊಮ್ಮಕ್ಕಳ ಮುಂದ ನನಗ ಕಳ್ಳಿ ಅಂದ್ರು," ಮಾಸುಮಬಿ ಅವನೆದುರು ಬಂದು ನಿಂತಳು. "ನೀ ಅಲ್ಲೇ ಸುಮ್ಮನ ನಿಂತಿದ್ದಿ."

ದೇವಿಂದ್ರಪ್ಪ ಮುಂದಿಟ್ಟ ಹಾಳೆಯಲ್ಲಿ ಸಂತೋಷಕುಮಾರ ತಾನು ಮಾಡಿದ್ದೆಲ್ಲವನ್ನೂ ಬರೆದು ಸಹಿ ಹಾಕಿದ. ಕೇಸ್ ಅವನ ಹೆಸರಿಗೇ ಆಯಿತು.

ಮರುದಿನ ದಿಲ್ಲಿಯವರು ಹುಡುಕಿಕೊಂಡು ಬಂದಾಗ ಅವನು ಐನಾಪುರದ ಮಾವಿನ ಮರದ ಮೇಲಿದ್ದ. ಕೆಳಗೆ ನಿಂತ ಮಾಸುಮಬಿ, "ಅಲ್ಲಲ್ಲ, ಬಿಸಲಿಗೆ ಕಟ್ಟಬ್ಯಾಡ. ಬಡಗಣ ಮಗ್ಗಲಿಗೆ," ಎಂದು ಗದರುತ್ತಿದ್ದಳು. ಅವಳು ತೋರಿಸಿದ ಕಡೆಗೇ ಅವನು ಒಂದೊಂದನ್ನೂ ಬಿಗಿದ.

"ನೀವು ಬೆಳೆಸಿದ್ದು ಎಷ್ಟು?" ಎಂದು ತಂಡದ ಹಿರಿಯರು ಕೇಳಿದರು.

"ನಾಕು," ಎಂದ ಮರದ ಮೇಲಿಂದಲೇ. "ಉಳಿದವು ಸತ್ತವು. ಇವು ನನ್ನವಲ್ಲ."

ಆ ತಿಂಗಳೆಲ್ಲ ಮಡಿವಾಳಯ್ಯನವರಿಗೆ ನೆಮ್ಮದಿಯಿಲ್ಲ. ಎರಡು ಗಿಡ ಹಳದಿಯಾಗಿ ಉದುರಿದವು. ಮಳೆ ಹಿಡಿದ ಮೇಲೊಂದು ಭಾನುವಾರ ಅವರು ಮತ್ತೆ ಏಣಿ ಹತ್ತಿದರು. ಮೂರನೆಯ ಗಿಡದಿಂದ ಹೊರಟ ಹಸಿರು ತುದಿಯ ಹೊಸ ಬೇರು ಗೋಣಿಪಟ್ಟಿ ದಾಟಿ ಮರವನ್ನು ಹಿಡಿದಿತ್ತು. ಅವರು ಬೆರಳಿನಿಂದ ಮೆಲ್ಲಗೆ ಎತ್ತಿ ನೋಡಿದರು. ಬೇರು ಕದಲಲಿಲ್ಲ.