ನೀಲಿ ಚಿಂದಿ ಇಲ್ಲದ ಬಾಗಿಲುಗಳು

"ಆ ಚಾದರ ಕೆಳಗಿಡಿ."

ಅವನು ತಿರುಗಿ ನೋಡಿದ. ಬಿಸಿಲಿಗೆ ಸುಟ್ಟ ಕತ್ತು, ಒದ್ದೆ ತಲೆ, ಎದೆಗೆ ಅವುಚಿಕೊಂಡ ಬಿಳಿ ಚಾದರ. ಬಾಗಿಲಲ್ಲಿ ತಳ್ಳುಗಾಡಿ ಹಿಡಿದು ನಿಂತವಳ ಕಣ್ಣು ಕೆಂಡವಾಗಿತ್ತು.

"ನನಗಾ ಹೇಳ್ತಿರೋದು?"

"ಮತ್ತೆ ಗೋಡೆಗೆ ಹೇಳ್ಲಾ? ಇದು ನನ್ನ ಕೋಣೆ."

"ರಾತ್ರಿ ಇಲ್ಲೇ ಮಲಗಿದ್ದು ನಾನು..."

"ಮಲಗೋದು ನಿಮ್ಮ ಕೆಲಸ. ಹಾಸೋದು ನನ್ನ ಕೆಲಸ."

ಅವನು ಚಾದರವನ್ನು ಮೆಲ್ಲಗೆ ಮಂಚದ ಮೇಲಿಟ್ಟು, ಕಳ್ಳನಂತೆ ಎರಡೂ ಕೈ ಮೇಲೆತ್ತಿದ. ಅವಳಿಗೆ ನಗು ಬಂತು. ನುಂಗಿಕೊಂಡಳು.

ಬಂದರಿನ ಎದುರಿಗಿದ್ದ ಮೂರಂತಸ್ತಿನ ತಂಗುಮನೆ ಅದು. ಬೆನ್ನಿಗೆ ಚೀಲ ಹೊತ್ತು ಜಗತ್ತು ಸುತ್ತುವವರೆಲ್ಲ ಅಲ್ಲಿಗೆ ಬರುತ್ತಿದ್ದರು. ಕೈ ಖಾಲಿಯಾದವರಿಗೆ ಯಜಮಾನಿ ಒಂದು ದಾರಿ ಮಾಡಿಕೊಟ್ಟಿದ್ದಳು. ಅರ್ಧ ದಿನ ದುಡಿ, ಬದಲಿಗೆ ಹಾಸಿಗೆ, ಊಟ. ಕೂಲಿ ಮಾತ್ರ ಕೇಳಬೇಡ. ಪ್ರಯಾಣಿಕರು ಅದನ್ನು ಸ್ವಾತಂತ್ರ್ಯ ಎನ್ನುತ್ತಿದ್ದರು. ಕೆಳಗಡೆ, ಬಟ್ಟೆ ಒಗೆಯುವ ಕೋಣೆಯಲ್ಲಿ, ಅದಕ್ಕೊಂದು ಹಳೆಯ ಹೆಸರಿತ್ತು... ಬಿಟ್ಟಿ ಚಾಕರಿ.

ಆದರೆ ಅಲ್ಲಿಯವರೆಗೆ ಆ ಬಿಟ್ಟಿ ಕೈಗಳು ಗೋಡೆಗೆ ಸುಣ್ಣ ಬಳಿದಿದ್ದವು, ಅಂಗಳ ಗುಡಿಸಿದ್ದವು. ಕೋಣೆಗಳ ತಂಟೆಗೆ ಬಂದಿರಲಿಲ್ಲ. ಕೋಣೆಗಳು ಆ ತಳ್ಳುಗಾಡಿಯವಳವು ಮತ್ತು ಅವಳ ಸೋದರತ್ತೆಯವು.

ಕೋಣೆಗೆ ಇಷ್ಟು ಎಂದು ಕೂಲಿ. ಒಂದು ಕೋಣೆ ಮುಗಿದರೆ ಬಾಗಿಲ ಹಿಡಿಗೆ ಒಂದು ನೀಲಿ ಚಿಂದಿ ಕಟ್ಟಬೇಕು. ಹಳೇ ಪರದೆಯೊಂದನ್ನು ಹರಿದು ಅತ್ತೆಯೇ ಮಾಡಿದ ಚಿಂದಿಗಳವು. ಮಧ್ಯಾಹ್ನ ಯಜಮಾನಿ ಬಂದು ಅವನ್ನು ಬಿಚ್ಚಿಕೊಂಡು ಹೋಗುತ್ತಿದ್ದಳು. ಚಿಂದಿ ಇದ್ದರೆ ಕೂಲಿ, ಇಲ್ಲದಿದ್ದರೆ ಇಲ್ಲ. ಇದನ್ನು ಯಾರೂ ಯಾರಿಗೂ ಬಾಯಿಬಿಟ್ಟು ಹೇಳಿದ್ದಿಲ್ಲ. ಗೊತ್ತಿಲ್ಲದವರು ಆ ಕೆಲಸಕ್ಕೆ ಬಂದೇ ಇರಲಿಲ್ಲವಲ್ಲ!

ಅತ್ತೆಯ ಮಣಿಕಟ್ಟು ಊದಿಕೊಂಡಿತ್ತು. ಅದಕ್ಕೇ ಯಜಮಾನಿ, ಊಟ-ಹಾಸಿಗೆಗೆ ದುಡಿಯುತ್ತಿದ್ದ ಅವನನ್ನು, ಬಟ್ಟೆ ಒಗೆಯುವ ಕೋಣೆಗೆ ಚಾದರ ಮಡಚಲು ಕಳಿಸಿದಳು.

"ಅಗಲದ ಚಾದರ ಒಬ್ಬರ ಕೈಲಿ ಆಗಲ್ಲ," ಎಂದಳು ಅವಳು, ಮುಖ ಗಂಟಿಕ್ಕಿಕೊಂಡೇ. "ಆ ತುದಿ ಹಿಡೀರಿ. ಬಿಗಿಯಾಗಿ. ಈಗ ನನ್ನ ಕಡೆ ಬನ್ನಿ."

ಬಂದ. ತುದಿಗೆ ತುದಿ ಸೇರಿತು. ಬೆರಳಿಗೆ ಬೆರಳು ತಾಗಿತು.

"ಈಗ ಹಿಂದೆ ಹೋಗಿ."

"ಈಗ ತಾನೇ ಬಂದೆ."

ಇಸ್ತ್ರಿ ಮೇಜಿನ ಹಿಂದಿನಿಂದ ಅತ್ತೆ ಕೆಮ್ಮಿದಳು. "ಮಗಳೇ, ಚಾದರ ಮಡಚ್ತಿದೀರೋ, ಹಸೆಮಣೆ ಏರ್ತಿದೀರೋ?"

ಅವಳ ಕಿವಿ ಕೆಂಪಾಯಿತು.

ಅವನು ದ್ರಾಕ್ಷಿ ಕೊಯ್ದಿದ್ದ. ಹಡಗಿನ ಅಡುಗೆಮನೆಯಲ್ಲಿ ಪಾತ್ರೆ ಉಜ್ಜಿದ್ದ. ದೋಣಿಗೆ ಬಣ್ಣ ಬಳಿದಿದ್ದ, ಯಾರದೋ ಮಕ್ಕಳಿಗೆ ಈಜು ಕಲಿಸಿದ್ದ. ಒಂದೊಂದು ಚಾದರಕ್ಕೆ ಒಂದೊಂದು ಊರಿನ ಕಥೆ. ಅತ್ತೆ ಅವನಿಗೆ ಚಕ್ರಗಾಲಪ್ಪ ಎಂದು ಹೆಸರಿಟ್ಟಳು.

"ಎಲ್ಲಾ ಕಲ್ತಿದೀಯಪ್ಪ, ಒಂದು ಕಡೆ ಕೂರೋದೊಂದು ಬಿಟ್ಟು," ಎಂದು ಕುಟುಕುವಳು.

ಅವಳು ಕೇಳಿಸಿಕೊಳ್ಳದವಳಂತೆ ಕೇಳುತ್ತಿದ್ದಳು. ಹುಟ್ಟಿದಾಗಿನಿಂದ ಕಿಟಕಿಯಾಚೆ ಹಡಗುಗಳನ್ನು ನೋಡಿದವಳು. ಒಂದನ್ನೂ ಹತ್ತಿದವಳಲ್ಲ. ಜಗತ್ತಿನ ಬೆವರೆಲ್ಲ ಅವಳ ತೊಟ್ಟಿಯಲ್ಲಿ ಕರಗಿತ್ತು, ಜಗತ್ತು ಮಾತ್ರ ಕಂಡಿರಲಿಲ್ಲ.

ಒಂದು ದಿನ ಕೇಳಿಯೇಬಿಟ್ಟಳು. "ಹಡಗಿನಲ್ಲಿ ಕೂಲಿ ಕೊಟ್ರಾ?"

"ಅಲ್ಲಿ ಕೊಟ್ರು. ಬೇರೆ ಕಡೆ ಹೆಚ್ಚಾಗಿ ಊಟ, ಹಾಸಿಗೆ. ನನಗಷ್ಟೇ ಸಾಕಿತ್ತು."

"ನಿಮಗೆ ಸಾಕಿತ್ತು. ನೀವು ಬರೋದಕ್ಕೆ ಮುಂಚೆ ಆ ಪಾತ್ರೆ ಯಾರು ತೊಳೀತಿದ್ರು? ಅವರಿಗೂ ಸಾಕಿತ್ತಾ?"

ಅವನು ಚಾದರದ ತುದಿ ಹಿಡಿದುಕೊಂಡೇ ನಿಂತ. ಎಷ್ಟೋ ಊರು ಸುತ್ತಿದ್ದ. ಈ ಪ್ರಶ್ನೆ ಯಾವ ಊರಲ್ಲೂ ಎದುರಾಗಿರಲಿಲ್ಲ.

"ಕೇಳ್ಲಿಲ್ಲ," ಎಂದ ಕೊನೆಗೆ.

ಆ ಒಂದು ಮಾತಿಗೆ ಅವಳ ಮನಸ್ಸು ಅವನತ್ತ ವಾಲಿತು. *ತಪ್ಪನ್ನ ಸಮರ್ಥಿಸಿಕೊಳ್ಳದ ಗಂಡಸು...* ಎಂದುಕೊಂಡಳು.

ಅದೇ ವಾರ ಅತ್ತೆಗೆ ಜ್ವರ ನೆತ್ತಿಗೇರಿತು. ಹೆತ್ತವರಿಲ್ಲದ ಅವಳನ್ನು ಸಾಕಿದ ಜೀವ ಅದು. ಒಂಟಿಯಾಗಿ ಬಿಟ್ಟು ಬರುವುದು ಹೇಗೆ? ಬಾರದಿದ್ದರೆ ಕೋಣೆಗಳು ಬೇರೆಯವರ ಪಾಲು.

"ಹೋಗಿ," ಎಂದ ಅವನು. "ನಿಮ್ಮ ಕೋಣೆ ನಾನು ನೋಡ್ಕೋತೀನಿ. ವಾಪಸ್ ಬಂದಾಗ ಹಾಗೇ ಇರುತ್ತೆ."

"ಮಾತು?"

"ಮಾತು."

ಅವಳು ನಂಬಿದಳು. ಹಿಂತಿರುಗಿ ನೋಡದೆ ಓಡಿದಳು.

ಅವನು ಕೊಟ್ಟ ಮಾತಿನಂತೆ ದುಡಿದ. ಅವಳು ಹಾಸುವ ಹಾಗೆಯೇ ಮೂಲೆ ಬಿಗಿದ, ಅವಳು ಇಡುವ ಹಾಗೆಯೇ ದಿಂಬು ಇಟ್ಟ. ತಳ್ಳುಗಾಡಿಯಲ್ಲಿ ನೀಲಿ ಚಿಂದಿಗಳ ಕಟ್ಟು ಸಿಕ್ಕಿತು. ಅದು ಅವಳ ಗುರುತು ಎಂದಷ್ಟೇ ಅವನಿಗೆ ಗೊತ್ತಿದ್ದದ್ದು. ತಾನು ಮಾಡಿದ ಕೆಲಸಕ್ಕೆ ಅವಳ ಗುರುತು ಕಟ್ಟಿದರೆ ಮೋಸವಾಗುತ್ತದೆ ಎಂದುಕೊಂಡ. ಕಳೆದುಹೋಗದಿರಲಿ ಎಂದು ಕಟ್ಟನ್ನು ಅಂಗಿಯ ಜೇಬಿನಲ್ಲಿ, ಎದೆಗೆ ತಾಗುವಂತೆ, ಇಟ್ಟುಕೊಂಡ.

ದಿನದಿನವೂ ಮಧ್ಯಾಹ್ನ ಯಜಮಾನಿ ಮೊಗಸಾಲೆಯಲ್ಲಿ ನಡೆದಳು. ಕೋಣೆಗಳು ಕನ್ನಡಿಯಂತಿದ್ದವು. ಒಂದು ಬಾಗಿಲಿಗೂ ಚಿಂದಿ ಇರಲಿಲ್ಲ. ಯಜಮಾನಿಯ ಲೆಕ್ಕ ತಟ್ಟನೆ ಆಗಿಹೋಯಿತು.

ಅತ್ತೆಯ ಜ್ವರ ಇಳಿದ ಮೇಲೆ ಅವಳು ಕೆಲಸಕ್ಕೆ ಬಂದಾಗ ಯಜಮಾನಿ ಬಾಗಿಲಲ್ಲೇ ತಡೆದಳು.

"ಇನ್ನು ಬೇಡಮ್ಮ. ಕೋಣೆ ಕೆಲಸಕ್ಕೂ ಈ ಪ್ರಯಾಣಿಕರೇ ಸಾಕು ಅಂತ ಗೊತ್ತಾಯ್ತು. ಒಂದು ಚಿಂದಿಯೂ ಕಟ್ಟದೆ ಎಲ್ಲಾ ಮಾಡಿದಾನೆ ನಿಮ್ಮ ಚಕ್ರಗಾಲಪ್ಪ."

ಮೆಟ್ಟಿಲ ಮೇಲೆ ಅವನು ಕಂಡ. ಅವಳನ್ನು ನೋಡಿ ಮುಖ ಅರಳಿಸಿಕೊಂಡು ಇಳಿದು ಬರುತ್ತಿದ್ದ. ಅಂಗಿಯ ಜೇಬಿನಿಂದ ನೀಲಿ ಅಂಚು ಇಣುಕುತ್ತಿತ್ತು.

"ಅತ್ತೆ ಹೇಗಿದಾರೆ? ನಾನು..."

ಅವಳು ಕೈಹಾಕಿ ಆ ಕಟ್ಟನ್ನು ಎಳೆದುಕೊಂಡಳು. ಒಂದು ಚಿಂದಿ ಕೆಳಗೆ ಬಿತ್ತು.

"ಬಚ್ಚಿಟ್ಟುಕೊಂಡ್ರಾ? ನಿಮ್ಮ ಹಾಸಿಗೆ ಗಟ್ಟಿ ಮಾಡ್ಕೊಳ್ಳೋಕೆ ನನ್ನ ಹೊಟ್ಟೆ ಮೇಲೆ ಹೊಡೆದ್ರಾ?"

"ಏನು ಹೇಳ್ತಿದೀರಿ..."

"ಇದು ಕಟ್ಟಿದರೆ ನನಗೆ ಕೂಲಿ. ಇಲ್ಲದಿದ್ರೆ ನೀವು ಮಾಡಿದ್ದು ಬಿಟ್ಟಿ. ಬಿಟ್ಟಿ ಸಿಗೋ ಕೈ ಇರುವಾಗ ನನ್ನ ಕೈ ಯಾರಿಗೆ ಬೇಕು? ನಿಮಗೆ ಊರು ನೋಡೋ ಆಟ ಇದು. ಆಟ ಮುಗಿದ ಮೇಲೆ ಚೀಲ ಹೊತ್ತು ಹೋಗ್ತೀರಿ. ನಾವೆಲ್ಲಿಗೆ ಹೋಗೋಣ?"

ಅವನ ಮುಖದಲ್ಲಿ ರಕ್ತವೇ ಇರಲಿಲ್ಲ. ಅವಳು ಉತ್ತರಕ್ಕೆ ನಿಲ್ಲಲಿಲ್ಲ.

ಮನೆಯಲ್ಲಿ, ಗಂಜಿಯ ಬಟ್ಟಲು ಹಿಡಿದು ಗೋಡೆಗೊರಗಿದ್ದ ಅತ್ತೆ ಎಲ್ಲ ಕೇಳಿಸಿಕೊಂಡಳು.

"ಅಲ್ವೇ, ಚಿಂದಿ ಕಟ್ಟಬೇಕು ಅಂತ ಅವನಿಗೆ ಹೇಳಿದ್ಯಾ?"

ಅವಳು ಕೈಯಲ್ಲಿದ್ದ ಕಟ್ಟನ್ನು ನೋಡಿದಳು.

"ಹೇಳಿರ್ಲಿಲ್ಲ..."

"ಹೇಳದೆ ತಿಳ್ಕೊಳ್ಳೋಕೆ ಅವನೇನು ನಮ್ಮ ಹಟ್ಟಿಯಲ್ಲಿ ಹುಟ್ಟಿದವನಾ?"

ಅವಳು ಚಿಂದಿಗಳ ಕಟ್ಟನ್ನು ಮಡಿಲಲ್ಲಿಟ್ಟುಕೊಂಡು ಸದ್ದಿಲ್ಲದೆ ಅತ್ತಳು. ಕೆಲಸ ಹೋದದ್ದಕ್ಕೋ, ಅವನ ಆ ಮುಖಕ್ಕೋ... ಬೇರೆ ಮಾಡಿ ಹೇಳಲು ಅವಳಿಗೇ ಆಗಲಿಲ್ಲ.

ಕೆಲವು ದಿನ ಕಳೆದವು. ಯಜಮಾನಿ ತಾನೇ ಹುಡುಕಿಕೊಂಡು ಬಂದಳು, ಸೆರಗಿನಲ್ಲಿ ಬೆವರೊರೆಸಿಕೊಳ್ಳುತ್ತ.

"ನಾಳೆಯಿಂದ ಬಾಮ್ಮ. ಯಾರೂ ಹಾಸಿಗೆ ಮುಟ್ತಿಲ್ಲ. ಊಟದ ಮೇಜಿನ ಹತ್ತಿರ ನಿಂತು ಎಲ್ಲರ ತಲೆ ಕೆಡಿಸಿದಾನೆ ಅವನು. 'ನಾವು ಬಿಟ್ಟಿ ಮಲಗೋ ಹಾಸಿಗೆ ಒಬ್ಬಳ ಅನ್ನ' ಅಂದನಂತೆ. ಬಾಡಿಗೆ ಕೊಟ್ಟವರು ಕೊಳಕು ಚಾದರ ನೋಡಿ ಜಗಳಕ್ಕೆ ನಿಂತಿದಾರೆ. ನಾನೇ ಅವನನ್ನ ಹೊರಗೆ ಹಾಕಿದೆ."

ಅವನು ತಲೆ ಮೇಲಿದ್ದ ಸೂರನ್ನೇ ಕಳೆದುಕೊಂಡಿದ್ದ... ಅವಳ ಕೋಣೆಗಳಿಗಾಗಿ.

"ಬರ್ತೀನಿ ಮೇಡಂ," ಎಂದಳು. "ಇನ್ಮೇಲೆ ಕೋಣೆ ಮಾಡೋ ಕೈ ಯಾರದ್ದಾದ್ರೂ ಚಿಂದಿ ಕಟ್ಟಬೇಕು, ಚಿಂದಿಗೆ ಕೂಲಿ ಕೊಡಬೇಕು. ಅತ್ತೆ ಮಲಗಿದ್ದ ದಿನಗಳದ್ದೂ."

"ಆಗ ನೀನು ಬಂದೇ ಇರ್ಲಿಲ್ವಲ್ಲ!"

"ಬಂದವನಿಗೆ ಕೊಡಿ."

ಯಜಮಾನಿ ಅತ್ತೆಯ ಕಡೆ ನೋಡಿದಳು. ಅತ್ತೆ ಊದಿದ ಕೈಯನ್ನು ಎದೆಗೆ ಕಟ್ಟಿಕೊಂಡು, "ನನ್ನ ಮುಖ ಏನು ನೋಡ್ತೀರಿ? ಅವಳು ಹೇಳಿದ್ದು ಕೇಳ್ಲಿಲ್ವಾ?" ಎಂದಳು. ಯಜಮಾನಿ ಗೊಣಗಿಕೊಂಡೇ ಒಪ್ಪಿದಳು. ಕೊಳಕು ಚಾದರದ ಮೇಲೆ ಯಾವ ಯಜಮಾನಿಕೆಯೂ ಬಹಳ ಕಾಲ ಕೂರಲಾರದು.

ಅವಳು ಹುಡುಕಿಕೊಂಡು ಹೋದಾಗ ಅವನು ಬಂದರಿನ ಕೊನೆಯಲ್ಲಿ, ದಡಕ್ಕೆಳೆದ ದೋಣಿಯೊಂದಕ್ಕೆ ಬಣ್ಣ ಬಳಿಯುತ್ತಿದ್ದ. ಪಕ್ಕದ ದೋಣಿಯ ಕೆಲಸ ಮುಗಿದಿತ್ತು. ಅದರ ಮೂತಿಗೆ ನೀಲಿ ಚಿಂದಿಯೊಂದನ್ನು ಕಟ್ಟಿದ್ದ. ಅಂದು ಮೆಟ್ಟಿಲ ಮೇಲೆ ಬಿದ್ದದ್ದು ಅದು.

"ಇಲ್ಲಿ ಕೂಲಿ ಕೇಳಿದ್ರಾ?" ಎಂದಳು ಹಿಂದಿನಿಂದ.

ಅವನ ಕೈ ನಿಂತಿತು. ತಿರುಗಲಿಲ್ಲ. "ಕೇಳಿಯೇ ಕುಂಚ ಹಿಡಿದೆ."

"ನಾನು... ಚಿಂದಿ ವಿಷಯ ನಿಮಗೆ ಹೇಳಿರ್ಲಿಲ್ಲ. ಹೇಳಿದೀನಿ ಅಂದ್ಕೊಂಡೇ ಬೈದುಬಿಟ್ಟೆ."

"ನಾನು ಕೇಳ್ಲಿಲ್ಲ. ಯಾವ ಊರಲ್ಲೂ ಕೇಳಿಲ್ಲ ನಾನು. ನೀವು ಬೈದಿದ್ದರಲ್ಲಿ ಅರ್ಧ, ಹಿಂದಿನ ಊರುಗಳ ಲೆಕ್ಕಕ್ಕೆ ಸರಿಹೋಯ್ತು."

ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂದವು. ಇಬ್ಬರ ನಡುವೆ ಬಣ್ಣದ ಡಬ್ಬಿ, ಒದ್ದೆ ಮರಳು.

"ಇದು ಮುಗಿದ ಮೇಲೆ ಹೊರಡ್ತೀರಾ?"

"ಹೊರಡೋದು ಅಭ್ಯಾಸ," ಎಂದು ಅವನು ಈಗ ತಿರುಗಿದ. "ಆದರೆ ಬೆಳಿಗ್ಗೆ ಎದ್ದರೆ ಕಾಲು ತಾನಾಗೇ ಬಟ್ಟೆ ಒಗೆಯೋ ಕೋಣೆ ಕಡೆ ತಿರುಗುತ್ತೆ. ಎಲ್ಲಾ ಕಡೆ ಹಾಸಿಗೆ ಸಿಕ್ತು ನನಗೆ. ಬಂದೆಯಾ ಅಂತ ಕೇಳೋರು ಸಿಕ್ಕಿರ್ಲಿಲ್ಲ."

ಅವಳು ದೂರದ ಹಡಗನ್ನು ನೋಡಿದಳು. ಬಾಲ್ಯದಿಂದ ಕಂಡ ಅದೇ ಹೊಗೆ, ಅದೇ ಕೂಗು.

"ನನಗೂ ಹೋಗಬೇಕು," ಎಂದಳು ಮೆಲ್ಲಗೆ. "ಇಷ್ಟು ದಿನ ಯಾರಿಗೂ ಹೇಳಿರ್ಲಿಲ್ಲ. ಆದರೆ ಕೂಲಿ ಕೊಡೋ ಊರಿಗೆ ಮಾತ್ರ ಬರ್ತೀನಿ. ಅತ್ತೆ ಕೈ ಸರಿಹೋದ ಮೇಲೆ. ಅಲ್ಲೀವರೆಗೆ... ಕಾಯ್ತೀಯಾ?"

ಅವನು ಹೂಂ ಎಂಬಂತೆ ತಲೆಯಾಡಿಸಿದ.

ಗಾಳಿ ಎದ್ದಿತು. ದೋಣಿಗೆ ಹೊದಿಸುವ ದಪ್ಪ ಬಟ್ಟೆ ಮರಳಲ್ಲಿ ಬಿದ್ದು ಪಟಪಟ ಬಡಿದುಕೊಳ್ಳುತ್ತಿತ್ತು. ಅವಳು ಬಾಗಿ ಒಂದು ತುದಿ ಎತ್ತಿಕೊಂಡಳು.

"ಆ ತುದಿ ಹಿಡಿ. ಬಿಗಿಯಾಗಿ. ಈಗ ನನ್ನ ಕಡೆ ಬಾ."

ಬಂದ. ತುದಿಗೆ ತುದಿ ಸೇರಿತು.

"ಈಗ ಹಿಂದೆ ಹೋಗಬೇಕಾ?" ಎಂದ.

ಬಣ್ಣ ಮೆತ್ತಿದ ಆ ಬೆರಳುಗಳನ್ನು ಅವಳು ಬಟ್ಟೆಯ ಸಮೇತ ಗಟ್ಟಿಯಾಗಿ ಹಿಡಿದುಕೊಂಡಳು.

"ಬೇಡ... ಇನ್ನೊಂದು ಸ್ವಲ್ಪ ಹೊತ್ತು ಹೀಗೇ ಇರು."