ಕಂಟ್ರೋಲ್ ನಿಂದು ಅಜ್ಜಿ

"ಬೇಡ ಅಂದ್ರೆ ಬೇಡ ಅಕ್ಕ. ನೀನು ಟೀಚರ್ ಆಗ್ಬಾರ್ದು," ಅಂದಳು ಗೌರಿ, ಬಾಯಲ್ಲಿದ್ದ ದೋಸೆ ನುಂಗದೇನೇ.

ವೇಣಿ ಅಕ್ಕ ಪೈಲಟ್. ಅಂದರೆ ಲೈಸೆನ್ಸ್ ಇರೋ ಪೈಲಟ್, ವಿಮಾನ ಇಲ್ಲದ ಪೈಲಟ್. ಲೈಸೆನ್ಸ್ ಬಂದು ಎಂಟು ತಿಂಗಳಾದರೂ ಯಾವ ಏರ್‌ಲೈನ್‌ನವರೂ ಅವಳನ್ನ ಕರೆದಿರಲಿಲ್ಲ. ಈಗ ಅವಳು ಕಲಿತ ಫ್ಲೈಯಿಂಗ್ ಸ್ಕೂಲಿನವರೇ ಮೇಲ್ ಕಳಿಸಿದ್ದರು. ಹೊಸಬರಿಗೆ ವಿಮಾನ ಹಾರಿಸೋದು ಕಲಿಸುವ ಇನ್‌ಸ್ಟ್ರಕ್ಟರ್ ಆಗೋ ಟ್ರೈನಿಂಗಿಗೆ ಒಂದು ಸೀಟಿದೆ, ಬರ್ತೀರಾ ಅಂತ. ಇವತ್ತು ಶನಿವಾರ. ಮಧ್ಯಾಹ್ನ ಹನ್ನೆರಡರೊಳಗೆ ಉತ್ತರ ಹೋಗಬೇಕು.

ಗೌರಿಯ ಕಷ್ಟ ಬೇರೇನೇ ಇತ್ತು. ನಮ್ಮಕ್ಕ ಇನ್ನೂರು ಜನ ಕೂರೋ ವಿಮಾನ ಓಡಿಸ್ತಾಳೆ ಅಂತ ಐದನೇ ಕ್ಲಾಸಿನ ತುಂಬ ಡಂಗುರ ಹೊಡೆದಾಗಿತ್ತು. ಪಕ್ಕದ ಬೆಂಚಿನ ಚಿರಂಜೀವಿ ಅಂತೂ ದಿನಾ ಬೆಳಿಗ್ಗೆ, ನಿಮ್ಮಕ್ಕನ ಪ್ಲೇನ್ ಇನ್ನೂ ಸ್ಟಾರ್ಟ್ ಆಗಿಲ್ವಾ ಅಂತ ಕೇಳ್ತಿದ್ದ. ಟೀಚರ್ ಆದಳು ಅಂತ ಗೊತ್ತಾದರೆ ಬಿಟ್ಟಾನಾ?

ಅಕ್ಕನ ಭಯವೇ ಬೇರೆ. "ನಂಗೆ ಹಾರ್ಸೋಕೆ ಬರತ್ತೆ ಕಣೇ. ಕಲ್ಸೋಕೆ ಬರತ್ತಾ ಅನ್ನೋದೇ ಗೊತ್ತಿಲ್ಲ."

ಅಜ್ಜಿ ಪಿಳ್ಳಮ್ಮ ಒಲೆ ಮುಂದೆ ನಿಂತು ಎಲ್ಲ ಕೇಳಿಸ್ಕೊಳ್ತಿದ್ದಳು. ಬೇಗೂರಲ್ಲೇ ಹುಟ್ಟಿ ಬೆಳೆದ ಅಜ್ಜಿ ಈಗ ಸುತ್ತಲಿನ ಅಪಾರ್ಟ್‌ಮೆಂಟುಗಳಿಗೆ ರಾಗಿ ರೊಟ್ಟಿ, ಚಟ್ನಿಪುಡಿ ಕೊಡ್ತಾಳೆ. ಆಟೋಗೆ ಕಾದು ಕಾದು ಸಾಕಾಗಿ ಒಂದು ಸಣ್ಣ ಬ್ಯಾಟರಿ ಸ್ಕೂಟರ್ ತಗೊಂಡಿದ್ದಳು. ಕಲಿಸೋಕೆ ಅಪ್ಪ ಹೋದ. ಪಾಪ, ಒಳ್ಳೆಯವನೇ, ಆದರೆ ಹ್ಯಾಂಡಲ್ ಮಾತ್ರ ಬಿಡಲೇ ಇಲ್ಲ. ಅಜ್ಜಿ ಎಡಕ್ಕೆ ಎಳೆದರೆ ಅಪ್ಪ ಬಲಕ್ಕೆ ಎಳೆದ. ಕೊನೆಗೆ ಇಬ್ಬರೂ ಮರಳಿನ ಗುಡ್ಡೆಯೊಳಗಿದ್ದರು. ಅವತ್ತಿಂದ ಸ್ಕೂಟರ್ ಮೇಲೆ ಹಪ್ಪಳ ಒಣಗ್ತಿತ್ತು.

"ಅಂಗಾರೆ ಮೊದ್ಲು ನಂಗ್ ಕಲ್ಸು," ಅಂದಳು ಅಜ್ಜಿ. "ನಾನ್ ಕಲ್ತ್‌ಬುಟ್ರೆ ನೀನು ಯಾರ್ಗ್ ಬೇಕಾದ್ರೂ ಕಲ್ಸ್‌ಬೋದು."

ಮನೆ ಹಿಂದಿನ ಖಾಲಿ ಲೇಔಟಿಗೆ ಮೂವರೂ ಹೋದರು. ಅಜ್ಜಿ ಸೆರಗು ಸೊಂಟಕ್ಕೆ ಸಿಕ್ಕಿಸಿ, ಹೆಲ್ಮೆಟ್ ಹಾಕಿಕೊಂಡು ಕೂತಳು. ಅಕ್ಕ ಹಿಂದೆ ಕೂತು ಒಂದು ರೂಲ್ ಹೇಳಿದಳು. ಕಲಿಸೋ ವಿಮಾನದಲ್ಲಿ ಇಬ್ಬರ ಮುಂದೂ ಸ್ಟಿಯರಿಂಗ್ ಇರುತ್ತಂತೆ. ಇಬ್ಬರೂ ಎಳೆದಾಡಿದರೆ ಕೆಟ್ಟಿತು, ಇಬ್ಬರೂ ಬಿಟ್ಟರೆ ಇನ್ನೂ ಕೆಟ್ಟಿತು. ಅದಕ್ಕೇ ಬಾಯಿಬಿಟ್ಟು ಹೇಳಿಯೇ ಕೊಡಬೇಕು, ಹೇಳಿಯೇ ತಗೋಬೇಕು.

"ಕಂಟ್ರೋಲ್ ನಿಂದು ಅಜ್ಜಿ."

"ಕಂಟ್ರೋಲು ನಂದು," ಅಂದಳು ಅಜ್ಜಿ, ಪೂಜೆಗೆ ಕೂತವಳ ಥರ ಗಂಭೀರವಾಗಿ.

ಅಕ್ಕ ಎರಡೂ ಕೈ ತನ್ನ ಮಂಡಿ ಮೇಲೆ ಇಟ್ಟುಕೊಂಡಳು. ಸ್ಕೂಟರ್ ಓಲಾಡ್ತಾ ಹೊರಟಿತು. ಪಕ್ಕದಲ್ಲೇ ಗೌರಿ ಓಡಿದಳು. ಎರಡು ಸಲ ಅಕ್ಕ "ಕಂಟ್ರೋಲ್ ನಂದು" ಅಂತ ಹೇಳಿ ಕೈ ಚಾಚಿ ಬ್ರೇಕ್ ಹಿಡಿದಳು. ಒಂದು ಸಲವೂ ಬೈಯಲಿಲ್ಲ.

ಮೂರನೇ ರೌಂಡಿನಲ್ಲಿ ಸ್ಕೂಟರ್ ಸೀದಾ ಮೋರಿ ಕಡೆಗೇ ಹೊರಟಿತು. ಅಜ್ಜಿ ಕಣ್ಣು ಮೋರಿಯಿಂದ ಕೀಳಲೇ ಇಲ್ಲ. ಓಡ್ತಿದ್ದ ಗೌರಿ ಗಕ್ಕನೆ ನಿಂತಳು. ಅಕ್ಕನ ಕೈಗಳು ಮೇಲೆದ್ದವು, ಅರ್ಧಕ್ಕೇ ನಿಂತವು.

"ಮೋರಿ ನೋಡ್ಬೇಡ ಅಜ್ಜಿ. ದೂರದಲ್ಲಿ ಹೊಂಗೆ ಮರ ಇದ್ಯಲ್ಲ, ಅದನ್ನ ನೋಡು," ಅಂದಳು ಮೆತ್ತಗೆ.

ಅಜ್ಜಿ ಮರ ನೋಡಿದಳು. ಸ್ಕೂಟರೂ ಮರದ ಕಡೆ ತಿರುಗಿತು. ಅಕ್ಕ ಮತ್ತೆ ಕೈ ಮಂಡಿ ಮೇಲಿಟ್ಟಳು.

ಆಮೇಲೆ ಅದೆಷ್ಟು ರೌಂಡಾಯಿತೋ, ಗೌರಿ ಓಡಿ ಓಡಿ ಸುಸ್ತಾಗಿ ಕಲ್ಲಿನ ಮೇಲೆ ಕೂತುಬಿಟ್ಟಳು. ಅಷ್ಟರಲ್ಲಿ ಅಕ್ಕ ಸ್ಕೂಟರಿನಿಂದ ಇಳಿದಳು. ಇನ್ನು ನೀನೊಬ್ಬಳೇ ಹೋಗು ಅಂದಳು. ಅಜ್ಜಿ ಒಂದು ಸಲ ಹಿಂದೆ ತಿರುಗಿ ನೋಡಿ, ಹೋಗೇಬಿಟ್ಟಳು.

ಗೌರಿ ಎದ್ದು ಚಪ್ಪಾಳೆ ತಟ್ಟಿ ಕುಣಿದಳು. ಕುಣೀತಾ ಅಕ್ಕನ ಕಡೆ ತಿರುಗಿದವಳು ಹಾಗೇ ನಿಂತಳು. ಅಕ್ಕನಿಗೆ ಕೈ ಎಲ್ಲಿಡಬೇಕು ಅಂತಲೇ ಗೊತ್ತಾಗ್ತಿರಲಿಲ್ಲ. ಅಜ್ಜಿ ಎಡಕ್ಕೆ ತಿರುಗಿದರೆ ಅಕ್ಕನ ಭುಜವೂ ಎಡಕ್ಕೆ ವಾಲ್ತಿತ್ತು. ಅವಳು ಮೊದಲ ಸಲ ಒಬ್ಬಳೇ ವಿಮಾನ ಹಾರಿಸಿ ಬಂದ ದಿನ ಗೌರಿಗೆ ಚೆನ್ನಾಗಿ ನೆನಪಿದೆ. ಅವತ್ತು ಕೂಡ ಅಕ್ಕನ ಮುಖ ಇಷ್ಟು ಅರಳಿರಲಿಲ್ಲ.

ಚಿರಂಜೀವಿ ಏನಾದರೂ ಅಂದುಕೊಳ್ಳಲಿ ಅನ್ನಿಸಿತು ಗೌರಿಗೆ.

"ಟೈಮ್ ಎಷ್ಟಾಯ್ತೇ?" ಅಂತ ಅಕ್ಕ ಕೇಳಿದಳು, ಅಜ್ಜಿಯ ಮೇಲಿಂದ ಕಣ್ಣು ತೆಗೆಯದೆ.

"ಹನ್ನೊಂದೂ ಮುಕ್ಕಾಲು," ಅಂದಳು ಗೌರಿ ವಾಚ್ ನೋಡಿ. "ಫೋನ್ ಇಲ್ಲಿ ಕೊಡು. ನೀನು ಅಜ್ಜೀನ ನೋಡ್ಕೋ, ಮೇಲ್ ನಾನು ಟೈಪ್ ಮಾಡ್ತೀನಿ. ಬರ್ತೀನಿ ಅಂತ ತಾನೇ?"

ಅಕ್ಕ ಜೇಬಿನಿಂದ ಫೋನ್ ತೆಗೆದು, ಅಜ್ಜಿಯನ್ನೇ ನೋಡ್ತಾ, ತಂಗಿಯ ಕೈಗಿಟ್ಟಳು.