ಎರಡನೇ ಸಾಲಿನ ಸಾಮಾನು

ನಾಳೆ ಸಂಜೆ ಐದಕ್ಕೆ ಗಡಿಯ ಸುಂಕದ ಕಚೇರಿ ಮುಚ್ಚುವುದರೊಳಗೆ, ಕಮರಿಗೆ ಬಿದ್ದ ಯಂತ್ರವನ್ನು ಅಲ್ಲಿ ತೋರಿಸಬೇಕು. ಹಿಮದ ಆಳ ಅಳೆಯುವ ಆ ಯಂತ್ರ ಒಡೆದು, ನಲವತ್ತು ದಿನದ ಅಳತೆಯೆಲ್ಲ ನೀರುಪಾಲಾಗಿತ್ತು. ಆದರೆ ವಿಶ್ವವಿದ್ಯಾಲಯ ಅದನ್ನು ದೇಶದಾಚೆ ತಂದದ್ದು, ಒಯ್ದದ್ದೆಲ್ಲ ವಾಪಸ್ ತರುತ್ತೇವೆಂದು ಸಾಮಾನಿನ ಪಟ್ಟಿ ಸಮೇತ ಬರೆದುಕೊಟ್ಟು. ತಪ್ಪಿದರೆ ವಿಶ್ವವಿದ್ಯಾಲಯದ ಹಿಮ ಅಧ್ಯಯನ ವಿಭಾಗದವರು ಇನ್ನು ಯಾವ ಉಪಕರಣವನ್ನೂ ಗಡಿ ದಾಟಿಸುವಂತಿಲ್ಲ. ಆ ಪತ್ರಕ್ಕೆ ರುಜು ಹಾಕಿದ ಪ್ರಯೋಗಾಲಯದ ಸಹಾಯಕಿಯೇ ಈಗ ಸೊಂಟಕ್ಕೆ ಹಗ್ಗ ಬಿಗಿದುಕೊಂಡು ನಿಂತಿದ್ದಳು.

"ನಾನೇ ಇಳೀತೀನಿ ಕಣಮ್ಮ," ಎಂದ ದಾರಿ ತೋರಿಸಲು ಬಂದಿದ್ದ ಹಗ್ಗದಣ್ಣ.

"ನೀವಿಳಿದ್ರೆ ನಿಮ್ಮನ್ನ ಮೇಲೆತ್ತೋಕೆ ನನ್ನಿಂದ, ಮೇಡಂನಿಂದ ಆಗುತ್ತಾ ಅಣ್ಣ?"

ಪಕ್ಕದಲ್ಲೇ ನಿಂತಿದ್ದ ಮೇಡಂ, ಅವಳ ಪ್ರಯೋಗಾಲಯದ ಮುಖ್ಯಸ್ಥೆ, ನಗಲಿಲ್ಲ. ನಿನ್ನೆ ಯಂತ್ರ ಬಿದ್ದಾಗಿನಿಂದ ಅವರು ಮಾತೇ ಆಡಿರಲಿಲ್ಲ.

ಕಮರಿಯ ಎರಡೂ ಕಡೆ ಬೂದು ಹಿಮದ ಗೋಡೆಗಳು, ಅವುಗಳಲ್ಲಿ ಅಲ್ಲಲ್ಲಿ ಸಿಕ್ಕಿಕೊಂಡ ಬಂಡೆಗಳು. ಇಳಿದಷ್ಟೂ ಆಕಾಶ ಕಿರಿದಾಗುತ್ತ ಹೋಯಿತು. ತಳದಲ್ಲಿ ತೊರೆಯೊಂದು ಭೋರ್ಗರೆಯುತ್ತ ಹಿಮದಡಿಗೆ ನುಗ್ಗುತ್ತಿತ್ತು. ಯಂತ್ರ ಅದರ ದಂಡೆಯಲ್ಲೇ ಬಿದ್ದಿತ್ತು. ಅವಳು ಅದನ್ನು ಚೀಲಕ್ಕೆ ತುಂಬುವಾಗ ನೋಡಿದಳು. ಬ್ಯಾಟರಿ ಇರಲಿಲ್ಲ!

ತೊರೆಯಾಚೆ, ನೀರಿನ ಮೇಲಕ್ಕೆ ಚಾಚಿಕೊಂಡ ಹಿಮದ ಅಂಚಿನ ಮೇಲೆ ಕಪ್ಪಗೆ ಕೂತಿತ್ತು ಅದು.

"ಅದನ್ನ ಬಿಟ್ಟು ಬಾರಮ್ಮ!" ಮೇಲಿನಿಂದ ಬಗ್ಗಿ ನೋಡುತ್ತಿದ್ದ ಹಗ್ಗದಣ್ಣ ಕೂಗಿದ.

"ಆಗಲ್ಲ ಅಣ್ಣ! ಪಟ್ಟಿಯಲ್ಲಿ ಅದನ್ನ ಬೇರೆಯಾಗಿ ಎರಡನೇ ಸಾಲಲ್ಲಿ ಬರೆದುಬಿಟ್ಟಿದೀನಿ!"

ಬ್ಯಾಟರಿ ಯಂತ್ರದೊಳಗೇ ಇರುತ್ತಲ್ಲ, ಬೇರೆ ಯಾಕೆ ಎಂದು ಮೇಡಂ ಅಂದೇ ಕೇಳಿದ್ದರು. ಎಲ್ಲ ಅಚ್ಚುಕಟ್ಟಾಗಿರಲಿ ಅಂದುಕೊಂಡ ಮಹಾರಾಯಿತಿ ಇವಳೇ. ಈಗ ಅವಳಿಗೆ ತನ್ನ ಮೇಲೇ ರೋಸಿಹೋಯಿತು.

ಹಾರಿದಳು. ಕೈಗೆ ಬ್ಯಾಟರಿ ಸಿಕ್ಕಿತು.

ಕಾಲಡಿಯ ಹಿಮದ ಅಂಚು ಮುರಿಯಿತು.

ತಣ್ಣೀರು ಎದೆಯವರೆಗೆ ಬಂತು. ತೊರೆ ಅವಳನ್ನು ಹಿಮದಡಿಗೆ ಸೆಳೆಯಿತು. ಇಲ್ಲಿಗೆ ಮುಗಿಯಿತು, ಅದೂ ಒಂದು ಸತ್ತ ಬ್ಯಾಟರಿಗಾಗಿ ಅನ್ನಿಸಿ ಅವಳಿಗೆ ಅಳು ಬಂತು. ಅಷ್ಟರಲ್ಲಿ ಹಗ್ಗ ಸೊಂಟವನ್ನು ಜಗ್ಗಿತು. ಮೇಲೆ ಹಗ್ಗದಣ್ಣನ ಜೊತೆ ಮೇಡಂ ಕೂಡ ಹಗ್ಗಕ್ಕೆ ಜೋತುಬಿದ್ದಿದ್ದರು.

ಮರುದಿನ ಐದಕ್ಕೆ ಹತ್ತು ನಿಮಿಷವಿರುವಾಗ ಮೂವರೂ ಕುಂಟುತ್ತ ಗಡಿಯ ಕಚೇರಿ ಹೊಕ್ಕರು. ಸುಂಕದ ಅಧಿಕಾರಿ ಪಟ್ಟಿ ಹಿಡಿದು, ಒಡೆದ ಯಂತ್ರದ ನಂಬರನ್ನು ಬೆರಳಿಟ್ಟು ಓದಿದ. ಗುರುತು ಹಾಕಿದ. ಬ್ಯಾಟರಿಗೂ ಹಾಕಿದ.

"ಇದು ಕೆಲಸ ಮಾಡುತ್ತಾ?"

"ಇಲ್ಲ ಸರ್."

"ಸುಮ್ನೆ ಕೇಳ್ದೆ. ಕೆಲಸ ಮಾಡುತ್ತೋ ಇಲ್ವೋ ಬರೆಯೋಕೆ ಈ ಪಟ್ಟಿಯಲ್ಲಿ ಜಾಗ ಇಲ್ಲಮ್ಮ." ಮೊಹರು ಒತ್ತಿದ.

ಹೊರಗೆ ಬೆಂಚಿನ ಮೇಲೆ ಅವಳು ಯಂತ್ರವನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಒಂದೇ ಒಂದು ಅಳತೆ ಉಳಿದಿರಲಿಲ್ಲ. ಮೇಡಂ ಬಂದು ಪಕ್ಕದಲ್ಲಿ ಕೂತರು. ಹಗ್ಗ ಉಜ್ಜಿ ಅವರ ಅಂಗೈ ಸುಲಿದುಹೋಗಿತ್ತು.

"ಮುಂದಿನ ಸಲ," ಎಂದರು ಕೊನೆಗೆ, "ಬ್ಯಾಟರಿನ ಬೇರೆ ಬರೀಬೇಡ ಕಣೆ."